ಬೋರಲು ಹಾಕಲು ಬರುವಂಥ ಬಾನಿ



ಮುಂಬೈಯ ಒಂಬತ್ತನೇ ಮಹಡಿಯಲ್ಲಿ ಕೂತು ಈ ಹಾಳೆ ಓದುತ್ತಿರುವ ನಿಮಗೆ, ದನ ನೀರು ಕುಡಿಯುವ ಬಾನಿಯ ಉಸಾಬರಿ ಏಕೆ ಎನ್ನಿಸಬಹುದು. ಆದರೆ ನಮ್ಮಲ್ಲಿ ಎಷ್ಟೋ ಜನರ ಊರಮನೆಯ ಹಿತ್ತಲಲ್ಲಿ ಇವತ್ತಿಗೂ ಒಂದು ಆಕಳೋ ಎಮ್ಮೆಯೋ ಇದೆ. ಅದನ್ನು ನೋಡಿಕೊಳ್ಳುವವರು ವಯಸ್ಸಾದ ತಂದೆ ತಾಯಿ, ಸಾಮಾನು ಕೊಡಿಸುವವರು ನಾವು. ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ.

2023ರಲ್ಲಿ ಮುಂಗಾರು ಕೈಕೊಟ್ಟಿತಲ್ಲ, ಅದರ ಮುಂದಿನ ಬೇಸಿಗೆಯಲ್ಲಿ ಹಾವೇರಿ ಕಡೆಯ ನಮ್ಮೂರಿಗೆ ಹೋಗಿದ್ದೆ. ಹಳೆಯ ಕಲ್ಲುಬಾನಿ ಸೀಳಿ ಸೋರುತ್ತಿತ್ತು. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ದೊಡ್ಡದೇ ಇರಲಿ ಎಂದು 300 ಲೀಟರಿನ ಪ್ಲಾಸ್ಟಿಕ್ ಟಬ್ಬು ತಂದು ತುಂಬಿಸಿಟ್ಟು ಬಂದೆ. ತಿಂಗಳ ಮೇಲೆ ಫೋನು ಮಾಡಿದಾಗ ಅವ್ವ, "ಆಕಳ ಹಾಲು ಇಳದೈತಿ" ಅಂದಳು. ನೀರು ಬದಲಿಸಿದೆಯಾ ಎಂದು ಕೇಳಿದೆ. "ಅದನ್ನ ಯಾರು ಎತ್ತಿ ಚೆಲ್ಲಬೇಕಪಾ? ನಾ ಒಬ್ಬಾಕಿ" ಅಂದಳು. ನೀರಿಗೆ ಪಾಚಿ ಕಟ್ಟಿ ವಾಸನೆ ಬಂದಿತ್ತು. ಆಕಳು ಮೂಸಿ ನೋಡಿ ಮುಖ ತಿರುಗಿಸುತ್ತಿತ್ತಂತೆ.

ಲೆಕ್ಕ ಸರಳವಾಗಿದೆ. ಒಂದು ಲೀಟರ್ ನೀರು ಒಂದು ಕಿಲೋ ಭಾರ. 300 ಲೀಟರ್ ಎಂದರೆ ಮೂರು ಕ್ವಿಂಟಲ್! ಇನ್ನು ಆಕಳ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ. ಹಾಲು ಕೊಡುವ ಮಿಶ್ರತಳಿ ಆಕಳಿಗೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು, ಬಿರು ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಅದು ಕುಡಿಯುವುದು ಕಡಿಮೆಯಾದರೆ ಮೊದಲು ಹಾಲು ಇಳಿಯುತ್ತದೆ, ಆಮೇಲೆ ಮೇವು ತಿನ್ನುವುದೂ ಕಡಿಮೆಯಾಗುತ್ತದೆ.

ಹಾಗಾದರೆ ಏನು ಮಾಡಬೇಕು? ನೀರು ಕೂಡಿಡುವ ಪಾತ್ರೆ ಬೇರೆ, ಕುಡಿಸುವ ಪಾತ್ರೆ ಬೇರೆ ಇರಲಿ. ಕೂಡಿಡಲು ಮುಚ್ಚಳವಿರುವ ಟಾಕಿ, ಕುಡಿಸಲು 50-60 ಲೀಟರಿನ ಸಣ್ಣ ಟಬ್ಬು. ಟಾಕಿಯಿಂದ ಪೈಪು ಎಳೆದು, ನಮ್ಮ ಕಟ್ಟಡಗಳ ತಾರಸಿ ಟಾಕಿಯಲ್ಲಿ ಇರುತ್ತದಲ್ಲ, ಅಂಥ ತೇಲುವ ಚೆಂಡಿನ ವಾಲ್ವ್ ಹಾಕಿಸಿದರೆ ಆಕಳು ಕುಡಿದಷ್ಟೂ ನೀರು ತಾನಾಗಿ ತುಂಬುತ್ತದೆ. ವಾಲ್ವಿಗೆ ಗಟ್ಟಿ ಮರೆ ಇರಲಿ, ಇಲ್ಲದಿದ್ದರೆ ದನ ಮೂತಿಯಿಂದ ತಳ್ಳಿ ಮುರಿದುಬಿಡುತ್ತದೆ. ಟಬ್ಬಿನ ತಳದಲ್ಲಿ ಬಿರಡೆ ಇದ್ದರೆ ಕೊಳೆ ನೀರು ಬಿಡುವುದೂ ಸುಲಭ.

ಜಾಗದ ವಿಷಯ. ನೆರಳಿನಲ್ಲಿಡಿ. ಬಿಸಿಲಿಗೆ ನೀರು ಕಾಯುತ್ತದೆ, ಪಾಚಿ ಬೇಗ ಬೆಳೆಯುತ್ತದೆ, ಪ್ಲಾಸ್ಟಿಕ್ಕೂ ಪೆಡಸಾಗಿ ಸೀಳುತ್ತದೆ. ದನಗಳಿಗಾದರೆ ಟಬ್ಬಿನ ಅಂಚು ನೆಲದಿಂದ ಒಂದೂವರೆ ಎರಡು ಅಡಿ ಎತ್ತರ, ಆಡು ಕುರಿಗಳಿಗೆ ಒಂದು ಅಡಿ ಸಾಕು. ಅಡಿಯಲ್ಲಿ ಗರಸು ಹಾಕಿ. ಸುತ್ತ ಕೆಸರಾದರೆ ಗೊರಸು ಕೊಳೆಯುತ್ತದೆ, ನೊಣ ಮುತ್ತುತ್ತವೆ. ಕೆಸರಾಗುವ ಮೊದಲೇ ಟಬ್ಬನ್ನು ನಾಲ್ಕು ಹೆಜ್ಜೆ ಸರಿಸಿ. ಹೊತ್ತೊಯ್ಯುವ ಬಾನಿಯ ದೊಡ್ಡ ಲಾಭವೇ ಇದು. ಆದರೆ ನೀರು ತುಂಬಿರುವಾಗ ಎಳೆಯಬೇಡಿ. ತಳ ಬಿರಿಯುತ್ತದೆ, ಎಳೆದವರ ಸೊಂಟವೂ ಹಿಡಿಯುತ್ತದೆ. ಒಳಗೊಂದು ಇಟ್ಟಿಗೆ ಇಡಿ, ಬಿದ್ದ ಅಳಿಲು, ಕೋಳಿಮರಿ ಹತ್ತಿ ಬದುಕಿಕೊಳ್ಳುತ್ತವೆ.

ತೊಳೆಯುವ ಕ್ರಮವೂ ಕಷ್ಟದ್ದಲ್ಲ. ದಿನವೂ ಮೇವಿನ ಚೂರು, ಎಲೆ ತೆಗೆಯಬೇಕು. ವಾರಕ್ಕೆ ಎರಡು ಸಲ ನೀರು ಚೆಲ್ಲಿ, ತೆಂಗಿನ ನಾರಿನಿಂದ ಒಳಗೋಡೆಯ ಲೋಳೆಯನ್ನು ತಿಕ್ಕಿ, ಬೋರಲು ಹಾಕಿ ಬಿಸಿಲಿಗೆ ಒಣಗಿಸಬೇಕು. ಸೊಳ್ಳೆ ಮೊಟ್ಟೆ ಮರಿಯಾಗಿ ಹಾರುವುದಕ್ಕೆ ಒಂದು ವಾರದ ಮೇಲೆ ಬೇಕು, ನಡುವೆಯೇ ನೀರು ಚೆಲ್ಲಿದರೆ ಅದರ ಕಾಟವೂ ತಪ್ಪುತ್ತದೆ. ಚೆಲ್ಲುವ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿ, ಬರಗಾಲದಲ್ಲಿ ಒಂದು ಹನಿಯೂ ದಂಡವಾಗುವುದಿಲ್ಲ. ಸಿಮೆಂಟು, ಕಲ್ಲಿನ ಬಾನಿಯಾದರೆ ಹದಿನೈದು ದಿನಕ್ಕೊಮ್ಮೆ ಒಳಗೆ ಸುಣ್ಣ ಬಳಿದು ಒಣಗಿಸುವುದು ಹಳೆಯ ಪದ್ಧತಿ, ಪಾಚಿಗೆ ಒಳ್ಳೆಯ ಮದ್ದು.

ಎರಡು ಎಚ್ಚರಿಕೆಯ ಮಾತು. ಅಗ್ಗಕ್ಕೆ ಸಿಕ್ಕಿತೆಂದು ಕೀಟನಾಶಕ ಅಥವಾ ರಾಸಾಯನಿಕ ತುಂಬಿದ್ದ ಡ್ರಮ್ಮು ಕತ್ತರಿಸಿ ಬಾನಿ ಮಾಡಬೇಡಿ. ಯೂರಿಯಾ ಕಲಸಿದ ಟಬ್ಬಿನಲ್ಲಿಯೂ ನೀರು ಕುಡಿಸಬೇಡಿ. ಯೂರಿಯಾ ನೀರು ಕುಡಿದ ದನ ಗಂಟೆಗಳಲ್ಲೇ ಸಾಯಬಹುದು. ಇನ್ನೊಂದು, ಊರಲ್ಲಿ ಕಾಲುಬಾಯಿ ಜ್ವರದ ಸುದ್ದಿ ಬಂದರೆ ನಿಮ್ಮ ಬಾನಿಯಲ್ಲಿ ಬೇರೆಯವರ ದನ ಬಾಯಿ ಹಾಕದಂತೆ ನೋಡಿಕೊಳ್ಳಿ. ಆ ರೋಗ ಜೊಲ್ಲಿನಿಂದ ಹರಡುತ್ತದೆ. ಒಂದು ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ತೊಳೆದು, ಆಮೇಲೆ ಶುದ್ಧ ನೀರಿನಿಂದ ಚೆನ್ನಾಗಿ ಜಾಲಿಸಬೇಕು.

ನಮ್ಮ ಮನೆಯಲ್ಲಿ ಈಗ 60 ಲೀಟರಿನ ಎರಡು ಟಬ್ಬುಗಳಿವೆ. ಒಂದು ಒಣಗುವಾಗ ಇನ್ನೊಂದರಲ್ಲಿ ಆಕಳು ಕುಡಿಯುತ್ತದೆ. ಅರ್ಧ ಕುಡಿದು ಬಿಟ್ಟಮೇಲೆ ಅವ್ವ ಒಂದೇ ಕೈಯಿಂದ ವಾಲಿಸಿ ಚೆಲ್ಲುತ್ತಾಳೆ. ದೊಡ್ಡ ಟಬ್ಬು ಬೋರಲು ಬಿದ್ದಿದೆ, ಅದರ ಮೇಲೆ ಹಪ್ಪಳ ಒಣಗುತ್ತವೆ.

ಈ ಸಲ ಊರಿಗೆ ಹೋದಾಗ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಒಂದು ಮಾತು ಕೇಳಿ: ಇದನ್ನು ಎತ್ತಿ ಚೆಲ್ಲುವವರು ಯಾರು? ಅವರ ಕೈಗೆ ಆಗುವಷ್ಟೇ ದೊಡ್ಡದನ್ನು ತನ್ನಿ.