ಬಸವಣ್ಣನ ಬಂಡೆ, ಕೆಮ್ಮಣ್ಣು, ಕಡಲೆಕಾಯಿ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಸುತ್ತ ಕಡಲೆಕಾಯಿ ಪರಿಷೆ ಸೇರುತ್ತದೆ. ಹಸಿಕಾಯಿ, ಹುರಿದಕಾಯಿ, ಬೇಯಿಸಿದಕಾಯಿಗಳ ರಾಶಿಗಳ ನಡುವೆ ಸೇರು ಲೆಕ್ಕದಲ್ಲಿ ವ್ಯಾಪಾರ ನಡೆಯುತ್ತದೆ. ಹಸಿಕಾಯಿ ಸುಲಿದವರ ಬೆರಳಿಗೆ ಕೆಂಪು ಧೂಳು ಅಂಟುತ್ತದೆ. ಈ ಕಾಯಿಯ ಬಗ್ಗೆಯೂ ಆ ಧೂಳಿನ ಬಗ್ಗೆಯೂ ನಗರದಲ್ಲಿ ಹಲವು ತಪ್ಪು ತಿಳಿವಳಿಕೆಗಳಿವೆ.

ಕಡಲೆಕಾಯಿ ಬೇರಿನಲ್ಲಿ ಬಿಡುತ್ತದೆ ಎಂಬುದು ಅವುಗಳಲ್ಲಿ ಮೊದಲನೆಯದು. ಗಿಡ ಕಿತ್ತಾಗ ಕಾಯಿಗಳು ಬೇರಿನ ಜೊತೆಗೇ ಮೇಲೆ ಬರುವುದರಿಂದ ಹಾಗೆ ಕಾಣುವುದು ಸಹಜ. ಆದರೆ ಅದರ ಹಳದಿ ಹೂ ಅರಳುವುದು ನೆಲದ ಮೇಲೆ, ಎಲೆಗಳ ಬುಡದಲ್ಲಿ. ಪರಾಗಸ್ಪರ್ಶವಾಗಿ ಹೂ ಬಾಡಿದ ಮೇಲೆ ಅಂಡಾಶಯದ ಬುಡ ಸೂಜಿಯಂತೆ ಉದ್ದವಾಗಿ ಕೆಳಮುಖವಾಗಿ ಬೆಳೆದು ಮಣ್ಣಿಗೆ ಚುಚ್ಚಿಕೊಳ್ಳುತ್ತದೆ. ಕೆಲವೇ ಅಂಗುಲ ಆಳದ ಕತ್ತಲಲ್ಲಿ ಅದರ ತುದಿ ಊದಿ ಕಾಯಾಗುತ್ತದೆ. ಇನ್ನೂ ಸೋಜಿಗವೆಂದರೆ, ಬೀಜ ತುಂಬಲು ಬೇಕಾದ ಕ್ಯಾಲ್ಸಿಯಂ ಬೇರಿನಿಂದ ಕಾಯಿಗೆ ತಲುಪುವುದು ತೀರಾ ಕಡಿಮೆ. ಕಾಯಿಯ ಸಿಪ್ಪೆಯೇ ಅದನ್ನು ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರಿಕೊಳ್ಳುತ್ತದೆ. ಮೇಲ್ಮಣ್ಣಿನಲ್ಲಿ ಅದು ಸಾಲದಿದ್ದರೆ ಗಿಡ ಹಸಿರಾಗಿ ನಳನಳಿಸುತ್ತಿದ್ದರೂ ಕಾಯಿ ಜೊಳ್ಳಾಗುತ್ತದೆ. ಹೂ ಬಿಡುವ ಹೊತ್ತಿಗೆ ರೈತರು ಬುಡಕ್ಕೆ ಜಿಪ್ಸಂ ಕೊಟ್ಟು ಮಣ್ಣೇರಿಸುವುದು ಇದಕ್ಕಾಗಿಯೇ.

ಇಷ್ಟು ತಿಳಿದರೆ ಕಡಲೆಕಾಯಿಗೂ ಕೆಮ್ಮಣ್ಣಿಗೂ ಇರುವ ನಂಟು ತಾನೇ ಅರ್ಥವಾಗುತ್ತದೆ. ಆ ಸೂಜಿ ಇಳಿಯಲು ಸಡಿಲ ನೆಲ ಬೇಕು. ಕೀಳುವಾಗ ಕಾಯಿ ಕಳಚಿ ಮಣ್ಣಿನಲ್ಲೇ ಉಳಿಯಬಾರದು. ಒಣಗಿದರೆ ಕಲ್ಲಾಗುವ, ನೆನೆದರೆ ಅಂಟಾಗುವ ಜಿಗುಟು ಎರೆಮಣ್ಣಿನಲ್ಲಿ ಎರಡೂ ಕಷ್ಟ. ಮರಳು ಬೆರೆತ ಕೆಮ್ಮಣ್ಣಾದರೆ, ಹದ ಇರುವಾಗ ಗಿಡ ಎಳೆದು ಒಮ್ಮೆ ಕೊಡವಿದರೆ ಸಾಕು.

ಕೆಂಪು ಹೆಚ್ಚಾದಷ್ಟೂ ಸಾರ ಹೆಚ್ಚು ಎಂಬ ಮಾತೂ ನರ್ಸರಿಗಳಲ್ಲಿ ಕೇಳಿಬರುತ್ತದೆ. ಇದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ, ಬಸವಣ್ಣನ ಗುಡಿಯ ಪಕ್ಕದ ಬ್ಯೂಗಲ್ ರಾಕ್ ಸಾಕು. ಅದೂ ಲಾಲ್‌ಬಾಗಿನ ಬಂಡೆಯೂ ಸುಮಾರು 300 ಕೋಟಿ ವರ್ಷ ಹಳೆಯ ಪೆನಿನ್ಸುಲಾರ್ ನೈಸ್ ಶಿಲೆ. ಲಾಲ್‌ಬಾಗಿನದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಂಥ ಶಿಲೆ ಬಿಸಿಲು ಮಳೆಗೆ ಸವೆದು ಹುಡಿಯಾದಾಗ ಅದರ ಬೆಣಚುಕಲ್ಲಿನ ಅಂಶ ಮರಳಾಗುತ್ತದೆ, ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಕಪ್ಪು ಖನಿಜಗಳಲ್ಲಿದ್ದ ಕಬ್ಬಿಣ ಗಾಳಿಗೊಡ್ಡಿಕೊಂಡು ತುಕ್ಕಾಗುತ್ತದೆ. ಕೆಂಪೇಗೌಡರ ಊರಿನ ಮಣ್ಣಿನ ಕೆಂಪೆಲ್ಲ ಆ ತುಕ್ಕಿನದು. ಅದು ಗಿಡಕ್ಕೆ ಗೊಬ್ಬರವಲ್ಲ. ಬದಲಿಗೆ, ಹಾಕಿದ ರಂಜಕದಲ್ಲಿ ಒಂದು ಪಾಲನ್ನು ಈ ಕಬ್ಬಿಣದ ಆಕ್ಸೈಡುಗಳೇ ಹಿಡಿದಿಟ್ಟುಕೊಂಡು ಬೇರಿಗೆ ಸಿಗದಂತೆ ಮಾಡುತ್ತವೆ. ಸಾರಜನಕ, ಸಾವಯವ ಇಂಗಾಲ ಎರಡೂ ಈ ಮಣ್ಣಿನಲ್ಲಿ ಸಾಮಾನ್ಯವಾಗಿ ಕಡಿಮೆ.

ಹಾಗೆಂದು ಕೆಮ್ಮಣ್ಣನ್ನು ಬರಡು ಎನ್ನುವುದು ಇನ್ನೂ ದೊಡ್ಡ ತಪ್ಪು. ಮಾಗಡಿಯಿಂದ ಕೋಲಾರದವರೆಗೆ ತಲೆತಲಾಂತರದಿಂದ ಊಟ ಹಾಕಿದ್ದು ಇದೇ ನೆಲ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುವ ಪದ್ಧತಿ ಈ ಮಣ್ಣಿನ ಸ್ವಭಾವ ಅರಿತವರು ಕಟ್ಟಿದ್ದು. ಅವರೆ, ತೊಗರಿ, ಕಡಲೆಕಾಯಿಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ನೀರು ಬಲುಬೇಗ ಇಂಗಿಹೋಗುತ್ತದೆಂಬ ಕೊರತೆಗೆ ಬೇಸಿಗೆಯಲ್ಲಿ ಗಾಡಿಗಟ್ಟಲೆ ಕೆರೆಗೋಡು ತಂದು ಹರಡುತ್ತಿದ್ದರು. ಗೋಡಿನ ಜೇಡಿ ತೇವವನ್ನು ಹಿಡಿದಿಡುತ್ತದೆ, ಹೊಲದಿಂದ ಕೊಚ್ಚಿಹೋದ ಸಾರವೂ ಮರಳುತ್ತದೆ. ನೀರು ನಿಲ್ಲದ ಇದೇ ಗುಣ ಬೇರೆ ಬೆಳೆಗಳಿಗೆ ವರವಾಯಿತು. ಭೌಗೋಳಿಕ ಸೂಚ್ಯಂಕ ಪಡೆದಿರುವ ಬೆಂಗಳೂರು ನೀಲಿ ದ್ರಾಕ್ಷಿ, ಗುಲಾಬಿ ಈರುಳ್ಳಿ, ದೇವನಹಳ್ಳಿ ಚಕ್ಕೋತ ಮೂರೂ ಈ ಭಾಗದ ಬೆಳೆಗಳು.

ಐತಿಹ್ಯದ ವಿಚಾರವೂ ಒಂದಿದೆ. ಈಗ ಬಸವನಗುಡಿಯಾಗಿರುವ ಸುಂಕೇನಹಳ್ಳಿಯ ಹೊಲಗಳಲ್ಲಿ ಬಸವ ಕಡಲೆಕಾಯಿ ಮೇಯುತ್ತಿತ್ತು, ಅದನ್ನು ಶಾಂತಗೊಳಿಸಲು ರೈತರು ಮೊದಲ ಫಸಲು ಅರ್ಪಿಸತೊಡಗಿದರು ಎಂಬುದು ಜನ ಪ್ರೀತಿಯಿಂದ ಹೇಳುವ ಕಥೆ. ಇದರಿಂದಾಗಿ ಕಡಲೆಕಾಯಿ ಅನಾದಿಕಾಲದಿಂದಲೂ ಇಲ್ಲಿಯದೇ ಎಂದು ಹಲವರು ಭಾವಿಸುತ್ತಾರೆ. ಅದರ ತವರು ದಕ್ಷಿಣ ಅಮೆರಿಕ. ಯುರೋಪಿನ ಹಡಗುಗಳು ಅಲ್ಲಿಗೆ ಹೋಗಿಬಂದ ಮೇಲಷ್ಟೇ ಅದು ಏಷ್ಯಾಕ್ಕೆ ಬಂತು. ದಕ್ಷಿಣ ಭಾರತದಲ್ಲಿ ದೊಡ್ಡ ಮಟ್ಟದ ಎಣ್ಣೆಬೀಜದ ಬೆಳೆಯಾದದ್ದು 19ನೆಯ ಶತಮಾನದಲ್ಲಿ. ಹೊರಗಿನಿಂದ ಬಂದ ಬೆಳೆಯೊಂದು ಊರಿನ ದೇವರ ಮೊದಲ ನೈವೇದ್ಯವಾಗುವಷ್ಟು ಒಗ್ಗಿಕೊಂಡದ್ದೇ ಈ ಮಣ್ಣಿಗೆ ಸಿಕ್ಕ ಮೆಚ್ಚುಗೆ.

ಆ ಹೊಲಗಳು ಈಗಿಲ್ಲ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಪರಿಷೆಗೆ ಕಾಯಿ ಬರುವುದು ಮಾಗಡಿ, ಚಿಂತಾಮಣಿ, ಕೋಲಾರದ ಕಡೆಯಿಂದ, ಆಂಧ್ರ, ತಮಿಳುನಾಡುಗಳಿಂದ.

ಹಳೆಯ ಬಡಾವಣೆಗಳಲ್ಲಿ ಈಗ ಮಣ್ಣು ಉಳಿದಿರುವುದು ಹಿತ್ತಲಲ್ಲಿ, ತಾರಸಿಯ ಕುಂಡಗಳಲ್ಲಿ. ಚೀಲದ ಕೆಮ್ಮಣ್ಣನ್ನು ಹಾಗೆಯೇ ಕುಂಡಕ್ಕೆ ತುಂಬಿದರೆ ಕೆಲವು ನೀರಿಗೇ ಅದರ ಮೇಲ್ಪದರ ಹೆಪ್ಪುಗಟ್ಟಿ ಬಿಗಿಯುತ್ತದೆ. ಚೆನ್ನಾಗಿ ಕಳಿತ ಗೊಬ್ಬರವನ್ನೂ ತೆಂಗಿನ ನಾರಿನ ಪುಡಿಯನ್ನೂ ಧಾರಾಳವಾಗಿ ಬೆರೆಸಿದರೆ ಆ ಬಿಗಿ ಸಡಿಲುತ್ತದೆ. ಹೊಲವಿರುವವರು ಬಣ್ಣ ನೋಡುವ ಬದಲು ಮಣ್ಣು ಪರೀಕ್ಷೆ ಮಾಡಿಸಿ, ಮಣ್ಣು ಆರೋಗ್ಯ ಕಾರ್ಡಿನಲ್ಲಿ ಮೊದಲು ಸಾವಯವ ಇಂಗಾಲದ ಅಂಕಿಯನ್ನು ನೋಡುವುದು ಒಳ್ಳೆಯದು. ಅದು ಶೇ. 0.5ಕ್ಕಿಂತ ಕೆಳಗಿದ್ದರೆ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರದ ಕೆಲಸ ಮೊದಲು, ಯೂರಿಯಾ ಚೀಲದ ಮಾತು ಆಮೇಲೆ.