ನದಿದಂಡೆಯ ನಡಿಗೆ: ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ

ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಲೆಕ್ಕಪತ್ರಗಳನ್ನು ಪರಿಶೋಧಿಸುತ್ತ ನಾನು ಮೂವತ್ತು ವರ್ಷಗಳನ್ನು ಕಳೆದಿದ್ದೇನೆ. ಈ ಅವಧಿಯಲ್ಲಿ ಯಂತ್ರಗಳ ಸವಕಳಿಯನ್ನು ಲೆಕ್ಕ ಹಾಕದೆ ಬಿಟ್ಟ ವರ್ಷವಿಲ್ಲ. ಯಂತ್ರದ ಮಾಲೀಕನ ಸವಕಳಿಯನ್ನು ಲೆಕ್ಕ ಹಾಕಿದ ವರ್ಷವೂ ಇಲ್ಲ. ಈ ಕೊರತೆ ನನ್ನ ಗಮನಕ್ಕೆ ಬಂದದ್ದು ಅಹಮದಾಬಾದಿನಲ್ಲಿ, ಸಾಬರಮತಿ ನದಿಯ ದಂಡೆಯ ಮೇಲೆ.

ಹಾವೇರಿ ಜಿಲ್ಲೆಯ ಜವಳಿ ವ್ಯಾಪಾರಿಯೊಬ್ಬರು ನನ್ನ ಹಳೆಯ ಕಕ್ಷಿದಾರರು. ಬಟ್ಟೆ ಖರೀದಿಗಾಗಿ ಅವರು ವರ್ಷಕ್ಕೆರಡು ಸಲ ಅಹಮದಾಬಾದಿಗೆ ಹೋಗುತ್ತಾರೆ. ಕೆಲವು ವರ್ಷಗಳ ಹಿಂದೆ, ಒಂದು ಚಳಿಗಾಲದಲ್ಲಿ, ಬಾಕಿ ಲೆಕ್ಕದ ಇತ್ಯರ್ಥಕ್ಕೆಂದು ನನ್ನನ್ನೂ ಜೊತೆಗೆ ಕರೆದೊಯ್ದಿದ್ದರು. ಬೆಳಿಗ್ಗೆ ಐದೂವರೆಗೆ ಬಾಗಿಲು ತಟ್ಟಿ, “ಸಾಹೇಬ್ರ, ಪೇಟಿ ತೆರೆಯೋದು ಹನ್ನೊಂದಕ್ಕ. ಅಲ್ಲೀಮಟ ಮಲಗಿ ಏನ್ ಮಾಡ್ತೀರಿ? ನದಿ ದಂಡಿಗೆ ನಾಕ ಹೆಜ್ಜಿ ಹಾಕೋಣು ಬರ್ರಿ” ಎಂದರು. ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ ಆಗ ಎರಡು ವರ್ಷಗಳಾಗಿದ್ದವು. ನನಗೆ ಸಕ್ಕರೆ ಕಾಯಿಲೆ ಎಂದು ವೈದ್ಯರು ಹೇಳಿ ಎರಡು ತಿಂಗಳಾಗಿತ್ತು. ಅವರು ಸರಾಗವಾಗಿ ನಡೆದರು. ನಾನು ಅರ್ಧ ಗಂಟೆಯೊಳಗೆ ಮೂರು ಸಲ ಕುಳಿತೆ.

ಒಣ ನದಿಯಿಂದ ನಡಿಗೆಯ ದಾರಿಗೆ

ಸಾಬರಮತಿ ಮಳೆಗಾಲದಲ್ಲಿ ಮಾತ್ರ ತುಂಬಿ ಹರಿಯುತ್ತಿದ್ದ ನದಿ. ಉಳಿದ ತಿಂಗಳುಗಳಲ್ಲಿ ಅದರ ಒಣ ಪಾತ್ರದಲ್ಲಿ ಕೃಷಿ, ಸಂತೆ, ಸರ್ಕಸ್, ಮಕ್ಕಳ ಕ್ರಿಕೆಟ್ ಎಲ್ಲವೂ ನಡೆಯುತ್ತಿದ್ದವು. ದಂಡೆಯ ಅಭಿವೃದ್ಧಿಯ ಕಲ್ಪನೆ 1960ರ ದಶಕದಲ್ಲಿಯೇ ಮೂಡಿತ್ತು. 1976ರಲ್ಲಿ ನಗರದ ಕೆಳಭಾಗದ ವಾಸಣಾದಲ್ಲಿ ಬ್ಯಾರೇಜು ನಿರ್ಮಾಣವಾಯಿತು. ಮುಂದೆ ನರ್ಮದಾ ಕಾಲುವೆಯಿಂದ ನೀರು ಬಿಡುವ ವ್ಯವಸ್ಥೆಯಾದ ಮೇಲೆ ನಗರದೊಳಗಿನ ಪಾತ್ರದಲ್ಲಿ ವರ್ಷವಿಡೀ ನೀರು ನಿಲ್ಲತೊಡಗಿತು. ಅಹಮದಾಬಾದ್ ಮಹಾನಗರಪಾಲಿಕೆಯು 1997ರಲ್ಲಿ ಈ ಕಾರ್ಯಕ್ಕೆಂದೇ ಪ್ರತ್ಯೇಕ ಕಂಪನಿಯೊಂದನ್ನು ಸ್ಥಾಪಿಸಿತು. ವಾಸ್ತುಶಿಲ್ಪಿ ಬಿಮಲ್ ಪಟೇಲರ ಸಂಸ್ಥೆ ಯೋಜನೆಯನ್ನು ರೂಪಿಸಿತು. 2005ರಲ್ಲಿ ಕಾಮಗಾರಿ ಆರಂಭವಾಗಿ, 2012ರಲ್ಲಿ ದಾರಿಯು ಸಾರ್ವಜನಿಕರಿಗೆ ತೆರೆಯಿತು.

ಎರಡೂ ದಂಡೆಗಳಲ್ಲಿ ತಲಾ ಸುಮಾರು 11 ಕಿಲೋಮೀಟರ್ ಉದ್ದಕ್ಕೆ ರೂಪಿಸಿದ ಈ ಯೋಜನೆಯಲ್ಲಿ ದಾರಿಗೆ ಎರಡು ಹಂತಗಳಿವೆ. ಮೇಲಿನದು ರಸ್ತೆಯ ಮಟ್ಟದಲ್ಲಿದೆ; ಕೆಳಗಿನದು ನೀರಿನ ಮಗ್ಗುಲಲ್ಲಿಯೇ ಸಾಗುತ್ತದೆ. ಕೆಳಗಿನ ದಾರಿಯ ಮಹತ್ವ ನಡೆಯುವವನಿಗೆ ಮಾತ್ರ ತಿಳಿಯುತ್ತದೆ. ಅದು ಸೇತುವೆಗಳ ಅಡಿಯಿಂದ ಹಾದುಹೋಗುವುದರಿಂದ ಎಲ್ಲಿಯೂ ವಾಹನಕ್ಕಾಗಿ ನಿಲ್ಲಬೇಕಾಗಿಲ್ಲ, ರಸ್ತೆ ದಾಟಬೇಕಾಗಿಲ್ಲ. ನಡಿಗೆಯಾಗಲಿ ಓಟವಾಗಲಿ ಒಂದೇ ಲಯದಲ್ಲಿ ಸಾಗಲು ಇದು ಅನುಕೂಲ. ನಮ್ಮ ಪೇಟೆ ಬೀದಿಗಳಲ್ಲಿ ಹತ್ತು ನಿಮಿಷ ಆ ಲಯವನ್ನು ಕಾಯ್ದುಕೊಳ್ಳುವುದು ಕಷ್ಟ.

ಅಂದು ನಾನು ಎರಡನೆಯ ಸಲ ಕುಳಿತದ್ದು ಎಲಿಸ್ ಸೇತುವೆಯ ಬಳಿ. 1892ರಲ್ಲಿ ಈಗಿನ ಉಕ್ಕಿನ ಸೇತುವೆಯನ್ನು ಕಟ್ಟಿಸಿದವರು ಹಿಮ್ಮತ್‌ಲಾಲ್ ಧೀರಜ್‌ರಾಮ್ ಎಂಬ ಎಂಜಿನಿಯರರು. ಅಂದಾಜು ವೆಚ್ಚಕ್ಕಿಂತ ಕಡಿಮೆ ಹಣದಲ್ಲಿ ಕೆಲಸ ಮುಗಿಸಿದ್ದಕ್ಕೆ ಸರಕಾರ ಅವರನ್ನೇ ಸಂಶಯಿಸಿ ತನಿಖೆ ನಡೆಸಿತಂತೆ. ಸಾಮಗ್ರಿ ಉತ್ತಮ ದರ್ಜೆಯದೆಂದು ಸಾಬೀತಾದ ಮೇಲೆ ಅವರನ್ನು ಗೌರವಿಸಿತಂತೆ. ಲೆಕ್ಕಪರಿಶೋಧಕನಾದ ನನಗೆ ಇದಕ್ಕಿಂತ ಹಿತವಾದ ಕಥೆ ಆ ಊರಿನಲ್ಲಿ ಸಿಕ್ಕಲಿಲ್ಲ.

ಹಣ ಎಲ್ಲಿಂದ ಬಂತು? ಬೆಲೆ ತೆತ್ತವರು ಯಾರು?

ನದಿಯ ಅಗಲವನ್ನು ಏಕರೂಪಗೊಳಿಸಿ, ತಡೆಗೋಡೆ ಕಟ್ಟಿ, ಸುಮಾರು 200 ಹೆಕ್ಟೇರ್ ಭೂಮಿಯನ್ನು ಪಡೆಯಲಾಯಿತು. ಅದರ ಬಹುಪಾಲನ್ನು ರಸ್ತೆ, ಉದ್ಯಾನ, ದಾರಿಗಳಿಗೆ ಮೀಸಲಿಟ್ಟು, ಸಣ್ಣ ಭಾಗವೊಂದನ್ನು ವಾಣಿಜ್ಯ ಬಳಕೆಗೆ ನೀಡಿ ವೆಚ್ಚವನ್ನು ಹಿಂಪಡೆಯುವುದು ಯೋಜನೆಯ ಆರ್ಥಿಕ ತಳಹದಿ. ಸಾವಿರ ಕೋಟಿ ರೂಪಾಯಿಗಳಿಗೂ ಮೀರಿದ ವೆಚ್ಚಕ್ಕೆ ಮೊದಲು ಸಾಲ, ನಂತರ ಭೂಮಿ ಎಂಬ ಈ ಕ್ರಮ ನಮ್ಮ ಉದ್ದಿಮೆದಾರರಿಗೆ ಅಪರಿಚಿತವೇನಲ್ಲ.

ಆದರೆ ಜಮೆಯ ಬದಿಯನ್ನಷ್ಟೇ ಓದಿ ಪುಸ್ತಕ ಮುಚ್ಚುವುದು ನನ್ನ ವೃತ್ತಿಧರ್ಮವಲ್ಲ. ದಂಡೆಯ ಮೇಲೆ ವಾಸವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಸ್ಥಳಾಂತರಗೊಂಡವು. ಪುನರ್ವಸತಿಯ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಹಲವರಿಗೆ ದೊರೆತ ಮನೆಗಳು ಪಕ್ಕಾ ಮನೆಗಳೇ. ಆದರೆ ದುಡಿಮೆಯ ಸ್ಥಳದಿಂದ ದೂರ. ನಿತ್ಯದ ಗಳಿಕೆಯವನಿಗೆ ಬಸ್ ಚಾರ್ಜು ಎಂಬುದು ಬಡ್ಡಿಯಿದ್ದಂತೆ, ಪ್ರತಿದಿನ ಕಟ್ಟಬೇಕಾದದ್ದು.

ವರ್ತಕರಾದ ನಾವು ವಿಶೇಷವಾಗಿ ಗಮನಿಸಬೇಕಾದದ್ದು ಅಲ್ಲಿಯ ಗುಜರಿ ಬಜಾರಿನ ಪ್ರಸಂಗ. ನಮ್ಮಲ್ಲಿಯೂ ಹಳೆಯ ಸಾಮಾನಿನ ಅಂಗಡಿಯನ್ನು ಗುಜರಿ ಅಂಗಡಿ ಎನ್ನುತ್ತೇವಷ್ಟೆ. ಹಳೆಯ ಪುಸ್ತಕ, ಪೀಠೋಪಕರಣ, ಕಬ್ಬಿಣದ ಸಾಮಾನು ಮಾರುವ ಅಹಮದಾಬಾದಿನ ಈ ಭಾನುವಾರದ ಸಂತೆಯ ಮೂಲವನ್ನು ನಗರದ ಸ್ಥಾಪಕ ಅಹಮದ್ ಶಾಹನ ಕಾಲದವರೆಗೆ ಹೇಳುತ್ತಾರೆ. ಎಲಿಸ್ ಸೇತುವೆಯ ಸಮೀಪದ ನದಿಪಾತ್ರದಲ್ಲಿ ದಶಕಗಳಿಂದ ನಡೆಯುತ್ತಿದ್ದ ಸಂತೆಗೆ ಯೋಜನೆಯಿಂದ ಕುತ್ತು ಬಂದಿತು. ವ್ಯಾಪಾರಿಗಳು ತಮ್ಮ ಸಂಘದ ಮೂಲಕ ಉಚ್ಚ ನ್ಯಾಯಾಲಯಕ್ಕೆ ಹೋದರು, ಪಾಲಿಕೆಯೊಡನೆ ಮಾತುಕತೆಯನ್ನೂ ನಡೆಸಿದರು. ಕೊನೆಗೆ 2014ರಲ್ಲಿ ನದಿದಂಡೆಯಲ್ಲಿಯೇ ಕಟ್ಟೆಗಳನ್ನೊಳಗೊಂಡ ಹೊಸ ಮಾರುಕಟ್ಟೆ ಅವರಿಗೆ ದೊರೆಯಿತು. ಸಂಘವಿದ್ದವರಿಗೆ ದಂಡೆಯಲ್ಲಿ ಜಾಗ ಉಳಿಯಿತು ಎಂಬುದು ವಾಣಿಜ್ಯ ಮಂಡಳಿಯ ಸದಸ್ಯರಾದ ನಮಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಇನ್ನೊಂದು ಬಾಬತ್ತು ಸಣ್ಣ ಕೈಗಾರಿಕೋದ್ಯಮಿಗಳಿಗೆ ಸೇರಿದ್ದು. ನಗರದೊಳಗೆ ತಿಳಿಯಾಗಿ ಕಾಣುವ ನದಿಯು ವಾಸಣಾ ಬ್ಯಾರೇಜಿನ ಕೆಳಗೆ ಕೊಳಚೆ ಹಾಗೂ ಕಾರ್ಖಾನೆಗಳ ತ್ಯಾಜ್ಯದಿಂದ ಮಲಿನವಾಗಿದ್ದುದನ್ನು ಗುಜರಾತ್ ಉಚ್ಚ ನ್ಯಾಯಾಲಯವು 2021ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡು, ಅಕ್ರಮವಾಗಿ ತ್ಯಾಜ್ಯ ಬಿಡುವ ಘಟಕಗಳ ವಿರುದ್ಧ ಕಠಿಣ ಆದೇಶಗಳನ್ನು ನೀಡಿತು. ಸಂಸ್ಕರಣೆಯ ಖರ್ಚನ್ನು ಉಳಿಸಿದವನು ಆ ಖರ್ಚನ್ನು ನದಿಯ ಖಾತೆಗೆ ಬರೆದಿರುತ್ತಾನೆ. ಅದು ಒಂದು ದಿನ ಅವನ ಖಾತೆಗೇ ಹಿಂತಿರುಗುತ್ತದೆ.

ಮಾಲೀಕನ ಆರೋಗ್ಯವೇ ಸಂಸ್ಥೆಯ ಬಂಡವಾಳ

ದೊಡ್ಡ ಕಂಪನಿಗಳಲ್ಲಿ ಅಧ್ಯಕ್ಷರು ಹಾಸಿಗೆ ಹಿಡಿದರೂ ಮರುದಿನ ಕಚೇರಿ ತೆರೆಯುತ್ತದೆ. ಏಕಮಾಲೀಕತ್ವದ ಅಂಗಡಿಯಲ್ಲಿ ಹಾಗಲ್ಲ. ಮಾಲೀಕ ತೀರಿಕೊಂಡರೆ ಜಿಎಸ್‌ಟಿ ನೋಂದಣಿಯನ್ನು ವಾರಸುದಾರರು ಹೊಸದಾಗಿ ಪಡೆಯಬೇಕು; ಬ್ಯಾಂಕಿನ ಓವರ್‌ಡ್ರಾಫ್ಟ್ ಮರುಪರಿಶೀಲನೆಗೆ ಬರುತ್ತದೆ; ಬಾಕಿದಾರರ ನೆನಪಿನ ಶಕ್ತಿ ಇದ್ದಕ್ಕಿದ್ದಂತೆ ಕುಂದುತ್ತದೆ. 1932ರ ಪಾಲುದಾರಿಕೆ ಕಾಯಿದೆಯ 42ನೆಯ ಕಲಮಿನಂತೆ, ಒಪ್ಪಂದದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಪಾಲುದಾರನೊಬ್ಬನ ಮರಣದಿಂದ ಸಂಸ್ಥೆಯೇ ವಿಸರ್ಜನೆಗೊಳ್ಳುತ್ತದೆ. ಓದುಗ ಮಿತ್ರರು ತಮ್ಮ ಪಾಲುದಾರಿಕೆ ಪತ್ರವನ್ನು ಇಂದೇ ತೆಗೆದು ನೋಡುವುದು ಒಳಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದೊಡನೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ಗಲ್ಲಾಪೆಟ್ಟಿಗೆಯ ಮುಂದೆ ದಿನಕ್ಕೆ ಹನ್ನೆರಡು ತಾಸು ಕುಳಿತು, ಮಧ್ಯಾಹ್ನದ ಊಟವನ್ನು ನಾಲ್ಕಕ್ಕೆ ಮಾಡುವ ನಮ್ಮ ಸಮುದಾಯ ಆ ಲೆಕ್ಕದಿಂದ ಹೊರಗಿರಲು ಸಾಧ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಶ್ರಮವನ್ನು, ಇಲ್ಲವೇ 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನು ಸೂಚಿಸಿದೆ. ಚುರುಕಿನ ನಡಿಗೆ ಮೊದಲನೆಯದಕ್ಕೆ, ಓಟ ಎರಡನೆಯದಕ್ಕೆ ಉದಾಹರಣೆ. ವಾರದಲ್ಲಿ 10,080 ನಿಮಿಷಗಳಿವೆ. ಅದರಲ್ಲಿ 150 ಎಂದರೆ ಶೇಕಡಾ ಒಂದೂವರೆಗಿಂತ ಕಡಿಮೆ. ಇಷ್ಟು ಅಲ್ಪ ಹೂಡಿಕೆಯನ್ನು ಕೇಳುವ ಬೇರೆ ಆಸ್ತಿಯನ್ನು ನಾನು ಕಂಡಿಲ್ಲ.

ನಡಿಗೆಯೋ, ಓಟವೋ?

ಈ ಪ್ರಶ್ನೆಯನ್ನು ಹಲವರು ಕೇಳುತ್ತಾರೆ. ವೈದ್ಯನಲ್ಲದ ನಾನು ನನ್ನ ವೈದ್ಯರಿಂದ ಕಲಿತದ್ದನ್ನಷ್ಟೇ ಹೇಳುತ್ತೇನೆ. ಐವತ್ತು ದಾಟಿದವರು, ಅದರಲ್ಲಿಯೂ ರಕ್ತದೊತ್ತಡ, ಮಧುಮೇಹ ಉಳ್ಳವರು, ಓಟಕ್ಕೆ ಮುನ್ನ ತಪಾಸಣೆ ಮಾಡಿಸಿಕೊಳ್ಳಬೇಕು. ಮೊದಲ ಎರಡು ಮೂರು ತಿಂಗಳು ನಡಿಗೆಯಷ್ಟೇ ಸಾಕು. ಮಾತನಾಡಬಹುದು, ಆದರೆ ಹಾಡಲಾಗದು ಎಂಬಷ್ಟು ವೇಗವೇ ಸರಿಯಾದ ಚುರುಕಿನ ನಡಿಗೆ. ಅನಂತರ ನಾಲ್ಕು ನಿಮಿಷ ನಡೆದು ಒಂದು ನಿಮಿಷ ಓಡುವ ಕ್ರಮದಿಂದ ಆರಂಭಿಸಬಹುದು. ನದಿದಂಡೆಯ ಕಲ್ಲು, ಕಾಂಕ್ರೀಟಿನ ನೆಲ ಗಟ್ಟಿಯಾದುದರಿಂದ ಮೆತ್ತನೆಯ ಅಟ್ಟೆಯ ಬೂಟು ಅವಶ್ಯ. ಮಧುಮೇಹಿಗಳು ಮರಳಿ ಬಂದ ಮೇಲೆ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳಬೇಕು.

ಋತುವನ್ನೂ ಅರಿತಿರಬೇಕು. 2010ರ ಮೇ ತಿಂಗಳ ಭೀಕರ ಬಿಸಿಲಿನ ಅನುಭವದ ನಂತರ ಅಹಮದಾಬಾದು 2013ರಲ್ಲಿಯೇ ಬಿಸಿಗಾಳಿ ನಿರ್ವಹಣೆಯ ಯೋಜನೆಯನ್ನು ರೂಪಿಸಿಕೊಂಡ ಊರು. ಅಲ್ಲಿ ಬೇಸಿಗೆಯಲ್ಲಿ ನಡಿಗೆ ಸೂರ್ಯೋದಯದ ಆಸುಪಾಸಿನಲ್ಲಿಯೇ ಮುಗಿಯಬೇಕು. ಮಳೆಗಾಲದಲ್ಲಿ ಮೇಲಿನ ಜಲಾಶಯದಿಂದ ನೀರು ಬಿಟ್ಟಾಗ ಕೆಳಗಿನ ದಾರಿಯನ್ನು ಮುಚ್ಚುತ್ತಾರೆ.

ಹಾವೇರಿಯಿಂದ ಹೋದ ಹೆಜ್ಜೆ

ಅದೇ ನದಿಯ ದಂಡೆಯ ಆಶ್ರಮದಿಂದ ಗಾಂಧೀಜಿಯವರು 1930ರ ಮಾರ್ಚ್ 12ರಂದು ದಂಡಿಗೆ ಹೊರಟಾಗ ಅವರ ವಯಸ್ಸು ಅರವತ್ತು. ಸುಮಾರು 385 ಕಿಲೋಮೀಟರ್ ದೂರವನ್ನು 24 ದಿನಗಳಲ್ಲಿ ನಡೆದರು. ಅವರೊಂದಿಗೆ ನಡೆದವರಲ್ಲಿ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವಪ್ಪನವರೂ ಇದ್ದರು. ಆಶ್ರಮದ ಅಂಗಳದಲ್ಲಿ ನಿಂತು ನನ್ನ ಕಕ್ಷಿದಾರರು, “ನಮ್ಮ ಜಿಲ್ಲಾದವ್ರು ಇಲ್ಲಿಂದ ದಂಡೀಮಟ ನಡದಾರ್ರಿ. ನಾವು ಹಾವೇರ್ಯಾಗ ಮನೀಯಿಂದ ಅಂಗಡೀಗೆ ಸ್ಕೂಟರ್ ತಗೀತೀವಿ” ಎಂದು ನಕ್ಕರು. ಅವರ ಮನೆಗೂ ಅಂಗಡಿಗೂ ಇರುವ ಅಂತರ ಅರ್ಧ ಕಿಲೋಮೀಟರ್.

ನಮ್ಮ ರಾಜ್ಯದಲ್ಲಿಯೂ ಶಿವಮೊಗ್ಗದಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ತುಂಗಾನದಿಯ ದಂಡೆಯಲ್ಲಿ ನಡಿಗೆಯ ದಾರಿ ನಿರ್ಮಾಣವಾಗಿದೆ. ನದಿಯುಳ್ಳ ಇತರ ಊರುಗಳಲ್ಲಿ ಇಂತಹ ಪ್ರಸ್ತಾವ ಬಂದಾಗ ವರ್ತಕರ ಸಂಘಗಳು ಮೂರು ಪ್ರಶ್ನೆಗಳನ್ನು ಕೇಳಬೇಕು. ದಂಡೆಯಲ್ಲಿ ಈಗ ಬದುಕುತ್ತಿರುವವರಿಗೂ ವ್ಯಾಪಾರ ಮಾಡುತ್ತಿರುವವರಿಗೂ ಜಾಗ ಎಲ್ಲಿ? ದಾರಿಗೆ ಬರುವ ಕೊಳಚೆಯನ್ನು ಎಲ್ಲಿ ತಡೆಯುತ್ತೀರಿ? ಉದ್ಘಾಟನೆಯ ಮರುವರ್ಷದಿಂದ ನಿರ್ವಹಣೆಯ ಹಣ ಯಾವ ಶೀರ್ಷಿಕೆಯಡಿ ಬರುತ್ತದೆ? ಈ ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ದೊರೆತರೆ ನಿಸ್ಸಂಕೋಚವಾಗಿ ಬೆಂಬಲಿಸಬಹುದು.

ನದಿಯಿಲ್ಲದ ಊರಿನವರು ಕೆರೆಯ ಏರಿಯನ್ನು ನೆನೆಯಲಿ. ಅದೂ ಇಲ್ಲದವರು ಎಪಿಎಂಸಿ ಪ್ರಾಂಗಣದ ಬೆಳಗಿನ ಖಾಲಿ ರಸ್ತೆಯನ್ನು. ಅಂದು ಅರ್ಧ ಗಂಟೆಯಲ್ಲಿ ಮೂರು ಸಲ ಕುಳಿತ ನಾನು ಈಗ ನಮ್ಮೂರಿನ ಕೆರೆಯ ಏರಿಯ ಮೇಲೆ ವಾರಕ್ಕೆ ಐದು ದಿನ ಮುಕ್ಕಾಲು ಗಂಟೆ ನಿಲ್ಲದೆ ನಡೆಯುತ್ತೇನೆ. ನನ್ನ ಗುಳಿಗೆಗಳ ಪ್ರಮಾಣವನ್ನು ವೈದ್ಯರು ಇಳಿಸಿದ್ದಾರೆ. ಹಾವೇರಿಯ ಮಿತ್ರರು ಕಳೆದ ದೀಪಾವಳಿಗೆ ಅಂಗಡಿಯನ್ನು ಮಗನೊಂದಿಗೆ ಪಾಲುದಾರಿಕೆಯಾಗಿ ಪರಿವರ್ತಿಸಿದರು. ಪತ್ರದ ಕರಡನ್ನು ಓದಿ ಹೇಳಲು ಹೋದಾಗ ಅವರು ಮನೆಯಲ್ಲಿ ಇರಲಿಲ್ಲ. ಸ್ಕೂಟರ್ ಅಂಗಳದಲ್ಲಿಯೇ ಇತ್ತು.