31 ಕೃಷ್ಣಮೃಗಗಳು ಸತ್ತವು, ಮೃಗಾಲಯವನ್ನು ನಾವು ಏನು ಕೇಳಬೇಕು?

2025ರ ನವೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ 38 ಕೃಷ್ಣಮೃಗಗಳಿದ್ದವು. ಕೆಲವೇ ದಿನಗಳಲ್ಲಿ 31 ಸತ್ತವು. ಅರಣ್ಯ ಸಚಿವರು ತನಿಖೆಗೆ ಆದೇಶಿಸಿದರು, ಟಿವಿಯವರು ಬಂದು ಹೋದರು, ನಾವು 'ಅಯ್ಯೋ ಪಾಪ' ಅಂದು ಮುಂದಿನ ಸುದ್ದಿಗೆ ಹೋದೆವು.

ಕೊಂದದ್ದು ಗಳಲೆ ರೋಗ. ಎಮ್ಮೆ ಸಾಕಿದವರನ್ನು ಕೇಳಿ ನೋಡಿ, ಹೆಸರು ಗೊತ್ತಿರುತ್ತೆ. ಮಳೆಗಾಲಕ್ಕೆ ಮುಂಚೆ ದನ, ಎಮ್ಮೆಗೆ ಇದರ ಲಸಿಕೆ ಹಾಕಿಸುತ್ತಾರೆ. ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಪ್ರಾಣಿಯ ಗಂಟಲಲ್ಲೂ ಸುಮ್ಮನೆ ಇದ್ದುಬಿಡಬಲ್ಲದು. ಹವಾಮಾನ ಬದಲಾದಾಗ, ಪ್ರಾಣಿ ಬಳಲಿದಾಗ ಅದು ಎದ್ದೇಳುತ್ತದೆ. ಉಸಿರು, ಜೊಲ್ಲು, ಮೇವು, ನೀರಿನ ತೊಟ್ಟಿಯ ಮೂಲಕ ಹಿಂಡಿಗೆ ಹರಡುತ್ತದೆ. ಲಕ್ಷಣ ಕಂಡ ಒಂದೆರಡು ದಿನದಲ್ಲೇ ಸಾವು ಬರುವುದರಿಂದ ಔಷಧಿಗೆ ಸಮಯವೇ ಸಿಗುವುದಿಲ್ಲ.

ನಾನು ಎಂಜಿನಿಯರಿಂಗ್ ಓದಿದವನು. ಇಡೀ ವ್ಯವಸ್ಥೆ ಒಂದೇ ಕೊಂಡಿಗೆ ಜೋತುಬಿದ್ದಿದ್ದರೆ ನಾವು ಅದನ್ನ 'ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್' ಅಂತೀವಿ. ಒಂದೇ ಜಾಗದಲ್ಲಿರುವ ಹಿಂಡು ಅಂಥದ್ದು. ಅರೇಬಿಯನ್ ಓರಿಕ್ಸ್ ಕಥೆ ನೋಡಿ. 1972ರಲ್ಲಿ ಅದು ಮರುಭೂಮಿಯಿಂದ ಪೂರ್ತಿ ಕಣ್ಮರೆಯಾಯಿತು. ಅದಕ್ಕೂ ಮುಂಚೆಯೇ ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಒಂದು ಹಿಂಡು ಕಟ್ಟಿ, ಮುಂದೆ ಪ್ರಾಣಿಗಳನ್ನು ಬೇರೆ ಬೇರೆ ಮೃಗಾಲಯಗಳಿಗೆ ಹಂಚಿದ್ದರು. 1982ರಲ್ಲಿ ಒಮಾನ್‌ನಲ್ಲಿ ಮತ್ತೆ ಬಯಲಿಗೆ ಬಿಟ್ಟರು. ಹಂಚಿಟ್ಟದ್ದೇ ವಿಮೆಯಾಯಿತು.

ಕೃಷ್ಣಮೃಗಕ್ಕೆ ಇವತ್ತು ಆ ತುರ್ತು ಇಲ್ಲ. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಅವು ಬಯಲಲ್ಲೇ ಓಡಾಡಿಕೊಂಡಿವೆ. ಹಾಗಾಗಿ ಭೂತರಾಮನಹಟ್ಟಿಯಂಥ ಮೃಗಾಲಯದ ದೊಡ್ಡ ಕೆಲಸ ಮಕ್ಕಳಿಗೆ ತೋರಿಸಿ ಕಲಿಸುವುದು. ಅದೇನು ಸಣ್ಣ ಕೆಲಸವಲ್ಲ. ಆದರೆ ಹುಲಿ ಎದುರು ಸೆಲ್ಫಿ ತೆಗೆದುಕೊಂಡು ಐಸ್‌ಕ್ರೀಮ್ ತಿಂದು ಬಂದರೆ ಕಲಿತಂತಲ್ಲ.

ಇದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, 2011ರಲ್ಲಿ ಘೋಷಣೆಯಾದ, ಸುಮಾರು 190 ಚದರ ಕಿಲೋಮೀಟರಿನ ಭೀಮಗಡ ಅಭಯಾರಣ್ಯವಿದೆ. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ಸ್ ಫ್ರೀ ಟೇಲ್ಡ್ ಎಂಬ ಬಾವಲಿ ಇದೆ. ಬಹಳ ವರ್ಷ ಜಗತ್ತಿನಲ್ಲಿ ಇದು ಇಲ್ಲಿ ಮಾತ್ರ ಇದೆ ಎಂದೇ ತಿಳಿದಿತ್ತು. ಆಮೇಲೆ ಮೇಘಾಲಯ, ಕಾಂಬೋಡಿಯಾಗಳಲ್ಲೂ ಸಿಕ್ಕಿತು. ಇದನ್ನು ಪಂಜರದಲ್ಲಿಟ್ಟು ಉಳಿಸೋಕಾಗಲ್ಲ. ಇದಕ್ಕೆ ಗುಹೆ ಬೇಕು, ಹಾರುತ್ತಲೇ ಹಿಡಿದು ತಿನ್ನಲು ಹುಳು ಬೇಕು, ಹುಳುವಿಗೆ ಕಾಡು ಬೇಕು. ನಾವು ಹೋರಾಟ ಮಾಡುವ ಮಹದಾಯಿ ನೀರು ಹುಟ್ಟುವುದೂ ಈ ಕಾಡಿನಲ್ಲೇ. ಹುಲಿ ನೋಡಿ ಬಂದ ಬೆಳಗಾವಿಯ ಮಗುವಿಗೆ ಈ ಬಾವಲಿಯ ಹೆಸರು ಗೊತ್ತಿದೆಯೇ?

ಆರ್‌ಟಿಐ ಅರ್ಜಿಗೆ 10 ರೂಪಾಯಿ. ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ ಬರೆದು ಕೇಳಿ: ಭೂತರಾಮನಹಟ್ಟಿಯಲ್ಲಿ ಮೇವು, ನೀರಿನ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ನಡೆಯುತ್ತದೆ? ಹೊಸದಾಗಿ ಬಂದ ಪ್ರಾಣಿಯನ್ನು ಎಷ್ಟು ದಿನ ಬೇರೆ ಇಡುತ್ತಾರೆ? ಉಳಿದ ಪ್ರಾಣಿಗಳನ್ನು ಮುಂದಿನ ಮಳೆಗಾಲದಲ್ಲಿ ಹೇಗೆ ಕಾಪಾಡುತ್ತಾರೆ?